ಮೊದಲು ಕೇಳಿದವರು ಯಾರು?

ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ‘ಖಚಿತ ಮಾಹಿತಿಯ ಮೇರೆಗೆ ಗಿರಾಕಿಗಳ ಸೋಗಿನಲ್ಲಿ ತೆರಳಿದ ಪೊಲೀಸರು, ಗಾಂಜಾ ಮಾರುತ್ತಿದ್ದ ವ್ಯಕ್ತಿಯನ್ನು ಮಾಲು ಸಮೇತ ಬಂಧಿಸಿದ್ದಾರೆ.’ ಓದುಗರು ಇದನ್ನು ಓದಿ, ಮಾರುತ್ತಿದ್ದವನು ಸಿಕ್ಕಿಬಿದ್ದ, ಒಳ್ಳೆಯದೇ ಆಯಿತು ಎಂದುಕೊಂಡು ಮುಂದಿನ ಸುದ್ದಿಗೆ ಹೋಗುತ್ತಾರೆ. ಬಹಳಷ್ಟು ಸಲ ಅವರೆಣಿಕೆ ಸರಿಯೂ ಇದ್ದೀತು.

ಆದರೆ ‘ಗಿರಾಕಿಗಳ ಸೋಗಿನಲ್ಲಿ’ ಎಂಬ ಮಾತಿನೊಳಗೆ ಒಂದು ಪ್ರಶ್ನೆ ಅಡಗಿದೆ. ಆತ ಮಾರಲೆಂದೇ ಅಲ್ಲಿ ಕುಳಿತಿದ್ದನೇ? ಅಥವಾ ಕೊಳ್ಳುತ್ತೇವೆಂದು ಬಂದವರು ಒತ್ತಾಯಿಸಿದ ಮೇಲೆ ಎಲ್ಲಿಂದಲೋ ತಂದುಕೊಟ್ಟನೇ? ಮೊದಲ ಮಾತು ಯಾರ ಬಾಯಿಂದ ಬಂತು? ಮಾರಲು ಕುಳಿತಿದ್ದರೆ ಪೊಲೀಸರು ನಡೆಯುತ್ತಿದ್ದ ಅಪರಾಧವನ್ನು ಪತ್ತೆ ಮಾಡಿದರು ಎಂದರ್ಥ. ಒತ್ತಾಯಕ್ಕೆ ಮಣಿದು ತಂದುಕೊಟ್ಟಿದ್ದರೆ, ನಡೆಯದೇ ಇರಬಹುದಾಗಿದ್ದ ಅಪರಾಧವೊಂದನ್ನು ಅವರೇ ನಡೆಸಿದರು ಎಂದರ್ಥ. ಈ ಎರಡನೆಯದಕ್ಕೆ ಕಾನೂನಿನ ಪುಸ್ತಕಗಳಲ್ಲಿ ‘ಎಂಟ್ರ್ಯಾಪ್‌ಮೆಂಟ್’ ಎಂಬ ಹೆಸರಿದೆ. ಆಸೆ ತೋರಿಸಿ ಅಪರಾಧಕ್ಕೆ ಎಳೆದು, ಆಮೇಲೆ ಹಿಡಿಯುವುದು ಎಂದು ಅದನ್ನು ಬಿಡಿಸಿ ಹೇಳಬಹುದು.

ಲಿಟ್ಮಸ್ ಕಾಗದವನ್ನು ಶಾಲೆಯಲ್ಲಿ ಎಲ್ಲರೂ ಬಳಸಿದ್ದಾರೆ. ದ್ರಾವಣದಲ್ಲಿ ಆಮ್ಲವಿದ್ದರೆ ನೀಲಿ ಕಾಗದ ಕೆಂಪಾಗುತ್ತದೆ. ಕಾಗದದ ಕೆಲಸ ಇರುವ ಆಮ್ಲವನ್ನು ತೋರಿಸುವುದು. ಪರೀಕ್ಷೆ ಮಾಡುವವನೇ ನೀರಿಗೆ ನಾಲ್ಕು ಹನಿ ಆಮ್ಲ ಸುರಿದು, ‘ನೋಡಿ, ಕೆಂಪಾಯಿತು’ ಎಂದರೆ ಅದನ್ನು ಪರೀಕ್ಷೆ ಎನ್ನಲಾಗದು. ಪೊಲೀಸರ ನಕಲಿ ಗಿರಾಕಿಯ ವಿಷಯದಲ್ಲಿ ನ್ಯಾಯಾಲಯಗಳು ಸುಮಾರು ನೂರು ವರ್ಷಗಳಿಂದ ಕೇಳುತ್ತ ಬಂದಿರುವುದೂ ಇದನ್ನೇ.

ಫಿರ್ಯಾದಿ ಇಲ್ಲದ ಅಪರಾಧ

ಪೊಲೀಸರ ಕಷ್ಟವನ್ನೂ ಮೊದಲೇ ಹೇಳಬೇಕು. ಮನೆಗೆ ಕನ್ನ ಬಿದ್ದರೆ ಮನೆಯವರು ಠಾಣೆಗೆ ಓಡುತ್ತಾರೆ. ಹೊಡೆದಾಟವಾದರೆ ಪೆಟ್ಟು ತಿಂದವನು ದೂರು ಕೊಡುತ್ತಾನೆ. ಮಾದಕ ವಸ್ತುವಿನ ವ್ಯಾಪಾರದಲ್ಲಿ ದೂರು ಕೊಡುವವರೇ ಇಲ್ಲ. ಮಾರುವವನಿಗೆ ಹಣ ಬೇಕು, ಕೊಳ್ಳುವವನಿಗೆ ಮಾಲು ಬೇಕು. ಇಬ್ಬರೂ ಒಪ್ಪಿ ನಡೆಸುವ ವ್ಯವಹಾರ ಅದು, ಇಬ್ಬರೂ ಬಾಯಿ ಬಿಡುವುದಿಲ್ಲ. ಮಗ ಹಾಳಾದನೆಂದು ಅಳುವ ತಾಯಿಗೂ ಮಾರಿದವನು ಯಾರೆಂಬುದು ಗೊತ್ತಿರುವುದಿಲ್ಲ.

ಆದ್ದರಿಂದ ಮಫ್ತಿಯಲ್ಲಿ ಹೋಗುವುದು, ಬಾತ್ಮೀದಾರರನ್ನು ಇಟ್ಟುಕೊಳ್ಳುವುದು, ಗಿರಾಕಿಯಂತೆ ನಟಿಸುವುದು ಎಲ್ಲ ದೇಶಗಳ ಪೊಲೀಸರಿಗೂ ಅನಿವಾರ್ಯವಾಗಿದೆ. ಇದು ತಪ್ಪೆಂದು ಯಾವ ದೊಡ್ಡ ನ್ಯಾಯಾಲಯವೂ ಹೇಳಿಲ್ಲ. ಇಲಿ ಓಡಾಡುವ ಜಾಗದಲ್ಲಿ ಬೋನು ಇಡುವುದಕ್ಕೆ ಯಾರ ತಕರಾರೂ ಇಲ್ಲ. ಬೋನಿನೊಳಗೆ ಏನು ಕಟ್ಟಬಹುದು, ಯಾರ ಮನೆಯ ಮುಂದೆ ಇಡಬಹುದು ಎಂಬಲ್ಲಿ ತಕರಾರು ಹುಟ್ಟುತ್ತದೆ.

ಅಧ್ಯಕ್ಷರ ಕೈಯ ಪೊಟ್ಟಣ

ಬೋನು ಇಡುವವರ ಉತ್ಸಾಹ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗವಿದೆ. 1989ರ ಸೆಪ್ಟೆಂಬರ್ 5ರ ರಾತ್ರಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ಮಾದಕ ವಸ್ತುಗಳ ವಿರುದ್ಧದ ಸಮರದ ಬಗ್ಗೆ ದೂರದರ್ಶನದಲ್ಲಿ ದೇಶವನ್ನುದ್ದೇಶಿಸಿ ಮಾತನಾಡಿದರು. ಮಾತಿನ ನಡುವೆ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿ ಹಿಡಿದರು. ಒಳಗಿದ್ದದ್ದು ಕ್ರ್ಯಾಕ್ ಕೊಕೇನ್. ಇದು ಕೆಲವೇ ದಿನಗಳ ಹಿಂದೆ ಶ್ವೇತಭವನದ ಎದುರಿನ ಉದ್ಯಾನದಲ್ಲೇ ಸಿಕ್ಕಿದ್ದು ಎಂದರು. ಅಧ್ಯಕ್ಷರ ಮನೆಯ ಮುಂದೆಯೇ ಹೀಗಾದರೆ ಉಳಿದವರ ಗತಿಯೇನೆಂದು ಜನ ಬೆಚ್ಚಿದರು.

ಮೂರು ವಾರ ಕಳೆಯುವಷ್ಟರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಒಳಗಿನ ಕಥೆಯನ್ನು ಹೊರಗೆಡವಿತು. ಭಾಷಣಕ್ಕೆ ಇಂಥದೊಂದು ಪೊಟ್ಟಣ ಇದ್ದರೆ ಚೆನ್ನ ಎಂದು ಶ್ವೇತಭವನದವರಿಗೆ ಅನ್ನಿಸಿತ್ತು. ಮಾದಕ ವಸ್ತು ತಡೆ ದಳದವರು ಅದಕ್ಕಾಗಿ ಹುಡುಕಾಡಿದರು. ಲಫಾಯೆಟ್ ಉದ್ಯಾನದಲ್ಲಿ ಅಂಥ ವ್ಯಾಪಾರವೇ ಇರಲಿಲ್ಲ. ಕೊನೆಗೆ ಊರಿನ ಇನ್ನೊಂದು ಭಾಗದಲ್ಲಿದ್ದ 18 ವರ್ಷದ ಹೈಸ್ಕೂಲ್ ಹುಡುಗನೊಬ್ಬನಿಗೆ, ಅಲ್ಲಿಗೆ ತಂದುಕೊಡು ಎಂದು ಹೇಳಿ ಕಳಿಸಿದರು. ಶ್ವೇತಭವನ ಎಲ್ಲಿದೆ ಎಂಬುದೇ ಆ ಹುಡುಗನಿಗೆ ಗೊತ್ತಿರಲಿಲ್ಲ! ದಾರಿ ಹೇಳಿ ಕರೆಸಿಕೊಂಡು, 2,400 ಡಾಲರ್ ಕೊಟ್ಟು ಸುಮಾರು 85 ಗ್ರಾಂ ಕ್ರ್ಯಾಕ್ ಕೊಂಡರು.

ಹುಡುಗ ಮುಗ್ಧನಾಗಿರಲಿಲ್ಲ. ಅವನು ಮೊದಲೂ ಮಾರಿದ್ದ. ಉದ್ಯಾನದಲ್ಲಿ ನಡೆದ ಮಾರಾಟದ ಆರೋಪದಲ್ಲಿ ಜ್ಯೂರಿಯವರು ಅವನನ್ನು ತಪ್ಪಿತಸ್ಥನೆಂದು ಹೇಳಲಿಲ್ಲವಾದರೂ, ಬೇರೆ ಮಾರಾಟಗಳಿಗಾಗಿ 1990ರಲ್ಲಿ ಅವನಿಗೆ 10 ವರ್ಷ ಸಜೆಯಾಯಿತು. ಆದರೆ ದೇಶದ ಮುಂದೆ ಪ್ರದರ್ಶಿಸಿದ ಆ ನಿರ್ದಿಷ್ಟ ‘ಅಪರಾಧ’ ಇದೆಯಲ್ಲ, ಶ್ವೇತಭವನದ ಮುಂದಿನ ಮಾರಾಟ, ಅದರ ಜಾಗ, ದಿನ, ಪ್ರಮಾಣ ಎಲ್ಲವನ್ನೂ ಗೊತ್ತುಮಾಡಿದ್ದು ಸರ್ಕಾರವೇ. ಇರುವ ರೋಗವನ್ನು ತೋರಿಸುವುದು ಬೇರೆ, ಫೋಟೋ ತೆಗೆಯಲು ಅನುಕೂಲವಾದ ಕಡೆ ಗಾಯ ಮಾಡುವುದು ಬೇರೆ.

ವೈದ್ಯರ ಬಳಿ ಪರಿಚಯ

ಈ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊದಲು ತೀರ್ಪು ಕೊಟ್ಟದ್ದು 1932ರಲ್ಲಿ, ಅಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ. ನಾರ್ತ್ ಕೆರೊಲಿನಾ ಸೀಮೆಯಲ್ಲಿ ಪ್ರವಾಸಿಯ ವೇಷದ ಅಧಿಕಾರಿಯೊಬ್ಬ ಸಾರೆಲ್ಸ್ ಎಂಬ ಮಾಜಿ ಸೈನಿಕನ ಮನೆಗೆ ಹೋದ. ತಾನೂ ಮಹಾಯುದ್ಧದಲ್ಲಿ ಅದೇ ಸೇನಾ ತುಕಡಿಯಲ್ಲಿದ್ದವನೆಂದು ಹೇಳಿ ಹಳೆಯ ನೆನಪುಗಳನ್ನು ಕೆದಕಿದ. ವಿಸ್ಕಿ ಬೇಕೆಂದು ಕೇಳಿದ. ಇಲ್ಲ ಎಂದರೂ ಬಿಡದೆ ಮತ್ತೆ ಕೇಳಿದ. ಕೊನೆಗೆ ಸಾರೆಲ್ಸ್ ಹೊರಗೆ ಹೋಗಿ ಅರ್ಧ ಗ್ಯಾಲನ್ ತಂದು 5 ಡಾಲರಿಗೆ ಕೊಟ್ಟ, ಜೈಲು ಸೇರಿದ. ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಅವರ ನ್ಯಾಯಪೀಠವು, ಪ್ರಚೋದನೆಯ ಈ ವಾದವನ್ನು ಜ್ಯೂರಿಯ ಮುಂದೆ ಇಡಬೇಕಾಗಿತ್ತು ಎಂದು ಹೇಳಿ ಶಿಕ್ಷೆಯನ್ನು ರದ್ದುಗೊಳಿಸಿತು.

ಮಾದಕ ವಸ್ತುವಿನ ವಿಷಯಕ್ಕೆ ಇದನ್ನು ತಂದದ್ದು 1958ರ ಷೆರ್ಮನ್ ಪ್ರಕರಣ. ಇದರ ವಿವರಗಳು ಮನಸ್ಸಿಗೆ ನಾಟುವಂಥವು. 1951ರಲ್ಲಿ ಷೆರ್ಮನ್ ಚಟದಿಂದ ಬಿಡಿಸಿಕೊಳ್ಳಲು ವೈದ್ಯರೊಬ್ಬರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ. ಅಲ್ಲಿ ಅವನಿಗೆ ಇನ್ನೊಬ್ಬ ರೋಗಿಯ ಪರಿಚಯವಾಯಿತು. ಔಷಧದಂಗಡಿಯಲ್ಲೂ ಆಗಾಗ ಭೇಟಿಯಾಗುತ್ತಿತ್ತು. ಸುಖದುಃಖ ಹಂಚಿಕೊಂಡರು. ಕೆಲವು ದಿನಗಳ ಮೇಲೆ ಆ ಹೊಸ ಗೆಳೆಯ, ‘ನನಗೆ ಈ ಚಿಕಿತ್ಸೆ ಹಿಡಿಸುತ್ತಿಲ್ಲ, ತಡೆಯಲಾರದಷ್ಟು ಸಂಕಟವಾಗುತ್ತಿದೆ, ಎಲ್ಲಿಯಾದರೂ ಮಾಲು ಕೊಡಿಸು’ ಎಂದು ದುಂಬಾಲು ಬಿದ್ದ. ಷೆರ್ಮನ್ ಮೊದಲು ತಪ್ಪಿಸಿಕೊಂಡ. ಗೆಳೆಯ ಬಿಡಲಿಲ್ಲ. ಹಲವು ಸಲ ಕೇಳಿದ ಮೇಲೆ ಷೆರ್ಮನ್ ತಂದುಕೊಟ್ಟ. ಇಬ್ಬರೂ ಖರ್ಚು ಹಂಚಿಕೊಂಡರು. ಷೆರ್ಮನ್ ಮತ್ತೆ ಚಟಕ್ಕೆ ಬಿದ್ದ.

ಆ ಗೆಳೆಯ ಸರ್ಕಾರಿ ಬಾತ್ಮೀದಾರ. ಅವನ ತಲೆಯ ಮೇಲೂ ಒಂದು ಮೊಕದ್ದಮೆ ತೂಗುತ್ತಿತ್ತು. ಕೆಲವು ಕೊಡುಕೊಳ್ಳುವಿಕೆಗಳ ನಂತರ ಅವನು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಅವರು ನೋಡುತ್ತಿದ್ದಂತೆ ಮತ್ತೆ ಮೂರು ಸಲ ಕೊಡುಕೊಳ್ಳುವಿಕೆ ನಡೆಯಿತು. ಷೆರ್ಮನ್‌ಗೆ 10 ವರ್ಷ ಸಜೆಯಾಯಿತು. ಅವನ ಮನೆಯನ್ನು ಶೋಧಿಸಿದಾಗ ಒಂದು ಚಿಟಿಕೆ ಮಾಲೂ ಸಿಕ್ಕಿರಲಿಲ್ಲ. ಅವನು ಲಾಭ ಮಾಡಿಕೊಂಡದ್ದಕ್ಕೂ ಪುರಾವೆ ಇರಲಿಲ್ಲ.

‘ಇವನಿಗೆ 1942ರಲ್ಲಿ ಒಮ್ಮೆ, 1946ರಲ್ಲಿ ಒಮ್ಮೆ ಶಿಕ್ಷೆಯಾಗಿತ್ತು, ಆದ್ದರಿಂದ ಮೊದಲೇ ಮಾರುವ ಮನಸ್ಸಿದ್ದವನು’ ಎಂದು ಸರ್ಕಾರ ವಾದಿಸಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಒಪ್ಪಲಿಲ್ಲ. ಚಟ ಬಿಡಲು ಹೆಣಗುತ್ತಿದ್ದವನನ್ನು ಹಳೆಯ ಶಿಕ್ಷೆಗಳ ಬಲದಿಂದ ಮಾರಾಟಗಾರನೆನ್ನಲಾಗದು ಎಂದರು. ಎಚ್ಚರ ತಪ್ಪಿದ ಅಪರಾಧಿಗೆ ಒಡ್ಡಿದ ಬಲೆ ಬೇರೆ, ಎಚ್ಚರ ತಪ್ಪಿದ ನಿರಪರಾಧಿಗೆ ಒಡ್ಡಿದ ಬಲೆ ಬೇರೆ, ಇವೆರಡರ ನಡುವೆ ಗೆರೆ ಎಳೆಯಲೇಬೇಕು ಎಂಬುದು ಅವರ ತೀರ್ಪಿನ ಸಾರ. ಶಿಕ್ಷೆ ರದ್ದಾಯಿತು.

ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಫಲಿತಾಂಶವನ್ನು ಒಪ್ಪಿದರೂ ಬೇರೊಂದು ದಾರಿ ಹಿಡಿದರು. ಆರೋಪಿಯ ಮನಸ್ಸಿನಲ್ಲಿ ಮೊದಲೇ ಏನಿತ್ತು ಎಂದು ಕೆದಕುವುದಕ್ಕಿಂತ ಪೊಲೀಸರು ಏನು ಮಾಡಿದರು ಎಂದು ನೋಡಬೇಕು ಎಂದರು. ಅಂದಿನಿಂದ ಈ ಎರಡು ಅಳತೆಗೋಲುಗಳ ನಡುವೆ ವಾದ ನಡೆದೇ ಇದೆ. ಅಮೆರಿಕದ ಕೇಂದ್ರ ನ್ಯಾಯಾಲಯಗಳು ಹೆಚ್ಚಾಗಿ ಆರೋಪಿಯ ಮನಸ್ಸನ್ನೇ ಅಳೆಯುತ್ತವೆ.

ಕಚ್ಚಾವಸ್ತು ಕೊಟ್ಟವರೂ ಅವರೇ

ಮನಸ್ಸನ್ನು ಮಾತ್ರ ಅಳೆಯುವುದರಿಂದ ಏನಾಗುತ್ತದೆ ಎಂಬುದಕ್ಕೆ 1973ರ ರಸೆಲ್ ಪ್ರಕರಣ ಉದಾಹರಣೆ. ವಾಷಿಂಗ್ಟನ್ ರಾಜ್ಯದಲ್ಲಿ ಕೆಲವರು ಮೆತಾಂಫೆಟಮಿನ್ ಎಂಬ ಉತ್ತೇಜಕ ವಸ್ತುವನ್ನು ತಯಾರಿಸುತ್ತಿದ್ದರು. ಅದಕ್ಕೆ ಬೇಕಾದ ಮುಖ್ಯ ರಾಸಾಯನಿಕವೊಂದು ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ವೇಷ ಮರೆಸಿಕೊಂಡು ಹೋದ ಅಧಿಕಾರಿ, ‘ಅದನ್ನು ನಾನು ಕೊಡುತ್ತೇನೆ, ತಯಾರಾದ ಮಾಲಿನಲ್ಲಿ ಅರ್ಧ ನನಗೆ ಕೊಡಿ’ ಎಂದ. 100 ಗ್ರಾಂ ಕೊಟ್ಟ. ಮಾಲು ತಯಾರಾಯಿತು, ತಯಾರಿಸಿದವರು ಸಿಕ್ಕಿಬಿದ್ದರು.

ರಸಾಯನಶಾಸ್ತ್ರದಲ್ಲಿ ಕ್ರಿಯಾವರ್ಧಕ ಮತ್ತು ಕ್ರಿಯಾಕಾರಿ ಎಂಬ ಎರಡು ಮಾತುಗಳಿವೆ. ಹೇಗಿದ್ದರೂ ನಡೆಯಬಲ್ಲ ಕ್ರಿಯೆಯನ್ನು ಚುರುಕುಗೊಳಿಸುವುದು ಕ್ರಿಯಾವರ್ಧಕ. ತಾನೇ ಕ್ರಿಯೆಯಲ್ಲಿ ಖರ್ಚಾಗಿ ಹೊಸ ವಸ್ತುವಿನ ಭಾಗವಾಗುವುದು ಕ್ರಿಯಾಕಾರಿ. ರಸೆಲ್ ಪ್ರಕರಣದಲ್ಲಿ ಸರ್ಕಾರ ಕ್ರಿಯಾಕಾರಿಯನ್ನೇ ಒದಗಿಸಿತ್ತು. ಆದರೂ 5 ಮಂದಿ ನ್ಯಾಯಮೂರ್ತಿಗಳು ಶಿಕ್ಷೆಯ ಪರವಾಗಿ, 4 ಮಂದಿ ವಿರುದ್ಧವಾಗಿ ನಿಂತರು. ಈ ಜನ ಮೊದಲಿನಿಂದಲೂ ಇದೇ ಕಸುಬಿನಲ್ಲಿದ್ದರು, ಮನಸ್ಸು ಸಿದ್ಧವಾಗಿತ್ತು ಎಂಬುದು ಬಹುಮತದ ವಾದ. 1976ರ ಹ್ಯಾಂಪ್ಟನ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೆರಾಯಿನ್ ಕೊಟ್ಟದ್ದು ಸರ್ಕಾರದ ಬಾತ್ಮೀದಾರ, ಕೊಂಡದ್ದು ಸರ್ಕಾರದ ಅಧಿಕಾರಿಗಳು, ನಡುವೆ ನಿಂತವನಿಗೆ ಜೈಲು ಎಂಬುದು ಆರೋಪಿಯ ವಾದ. ಅದು ನಿಜವೇ ಆಗಿದ್ದರೂ, ಅವನಿಗೆ ಮೊದಲೇ ಆ ಮನಸ್ಸಿದ್ದುದರಿಂದ ಶಿಕ್ಷೆ ನಿಲ್ಲುತ್ತದೆ ಎಂದಿತು ನ್ಯಾಯಾಲಯ.

ಯೂರೋಪಿನ ನ್ಯಾಯಾಲಯಗಳು ಪೊಲೀಸರ ನಡತೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಿದವು. ಪೋರ್ಚುಗಲ್‌ನಲ್ಲಿ ಹಿಂದಿನ ಯಾವ ಅಪರಾಧವೂ ಇಲ್ಲದ, ಯಾವ ತನಿಖೆಯ ಕಣ್ಣಿಗೂ ಬೀಳದಿದ್ದ ತೆಯಿಶೈರಾ ಎಂಬಾತನನ್ನು ಪರಿಚಯಸ್ಥರ ಮೂಲಕ ಹಿಡಿದು, ಇಬ್ಬರು ಪೊಲೀಸರು 20 ಗ್ರಾಂ ಹೆರಾಯಿನ್ ಕೇಳಿದರು. ಅವನ ಮನೆಯಲ್ಲಿ ಅದು ಇರಲಿಲ್ಲ. ಬೇರೆಯವರಿಂದ ತಂದುಕೊಟ್ಟ, 6 ವರ್ಷ ಶಿಕ್ಷೆಯಾಯಿತು. ಪೊಲೀಸರು ಸುಮ್ಮನೆ ತನಿಖೆ ಮಾಡುವುದನ್ನು ಬಿಟ್ಟು ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಿದ್ದಾರೆ, ಇಂಥ ಸಾಕ್ಷ್ಯದ ಮೇಲೆ ನಡೆದ ವಿಚಾರಣೆ ನ್ಯಾಯಯುತವಲ್ಲ ಎಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1998ರಲ್ಲಿ ಹೇಳಿತು.

ಇಂಗ್ಲೆಂಡಿನಲ್ಲಿ 2001ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಂದೇ ದಿನ ಎರಡು ಹೆರಾಯಿನ್ ಪ್ರಕರಣಗಳನ್ನು ತೀರ್ಮಾನಿಸಿತು. ಒಂದರಲ್ಲಿ ಪೊಲೀಸ್ ಅಧಿಕಾರಿ ಫೋನ್ ಮಾಡಿ ಸಾಮಾನ್ಯ ಗಿರಾಕಿಯಂತೆ ಕೇಳಿದ್ದ, ಮಾರಾಟಗಾರ ತಡಮಾಡದೆ ಕೊಟ್ಟಿದ್ದ. ಶಿಕ್ಷೆ ಉಳಿಯಿತು. ಇನ್ನೊಂದರಲ್ಲಿ ಅಧಿಕಾರಿಗಳು ಅಗ್ಗದ ಸಿಗರೇಟುಗಳ ಆಸೆ ತೋರಿಸಿ, ಹೆರಾಯಿನ್ ತನ್ನ ದಂಧೆಯಲ್ಲ ಎಂದವನಿಂದ ಅದನ್ನು ತರಿಸಿದ್ದರು. ಆ ಮೊಕದ್ದಮೆ ನಡೆಯಬಾರದಿತ್ತು ಎಂದಾಯಿತು. ಸಾಮಾನ್ಯ ಗಿರಾಕಿ ಮಾಡುವುದಕ್ಕಿಂತ ಹೆಚ್ಚಿನದನ್ನು ಪೊಲೀಸ್ ಗಿರಾಕಿ ಮಾಡಬಾರದು ಎಂಬುದು ಅಲ್ಲಿ ನಿಂತ ನಿಯಮ.

ಗುಲಾಬಿ ಬಣ್ಣ ಹೇಳದ ಮಾತು

ಹಾಗಾದರೆ ಭಾರತದಲ್ಲಿ ಏನಿದೆ? ಮಾದಕ ವಸ್ತುಗಳ ಕಾಯಿದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದರಲ್ಲಾಗಲಿ, 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ, ‘ಪೊಲೀಸರೇ ಪ್ರಚೋದಿಸಿದರು, ಆದ್ದರಿಂದ ಬಿಡಿ’ ಎಂದು ಕೇಳಲು ಒಂದು ಕಲಮೂ ಇಲ್ಲ. ಇರುವುದು ನ್ಯಾಯಮೂರ್ತಿಗಳ ಕೆಲವು ಎಚ್ಚರಿಕೆಯ ಮಾತುಗಳು. ಅವೂ ಹುಟ್ಟಿದ್ದು ಲಂಚದ ಪ್ರಕರಣಗಳಲ್ಲಿ.

1954ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಿಂಧ್ಯ ಪ್ರದೇಶದ ಮಂತ್ರಿಯಾಗಿದ್ದ ರಾವ್ ಶಿವಬಹಾದುರ್ ಸಿಂಗ್ ಅವರ ಲಂಚದ ಪ್ರಕರಣ ಬಂತು. ಪನ್ನಾದ ವಜ್ರದ ಗಣಿಗೆ ಸಂಬಂಧಿಸಿದ್ದು. ಲಂಚದ 25,000 ರೂಪಾಯಿ ಕೊಡುವವನ ಬಳಿ ಇರಲಿಲ್ಲ, ಪೊಲೀಸರೇ ಒದಗಿಸಿದ್ದರು. ಮಂತ್ರಿಗೆ ಶಿಕ್ಷೆಯಾಯಿತು. ಆದರೆ ಬಲೆ ಒಡ್ಡುವುದು ಕೆಲವೊಮ್ಮೆ ಬೇಕಾದೀತು, ಕೊಡುವವನಿಗೆ ಶಕ್ತಿಯೇ ಇಲ್ಲದ ಹಣವನ್ನು ಪೊಲೀಸರೇ ಕೊಟ್ಟು ಲಂಚ ನಡೆಯುವಂತೆ ಮಾಡುವುದು ಸರಿಯಲ್ಲ ಎಂದು ನ್ಯಾಯಾಲಯ ಚಾಟಿ ಬೀಸಿತು. 1956ರಲ್ಲಿ ಬಿಹಾರದ ರಾಮಜನಮ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇನ್ನೂ ಸ್ಪಷ್ಟವಾಗಿ ಬರೆದರು. ಮನುಷ್ಯ ಎಷ್ಟೇ ಕೆಟ್ಟವನಾಗಿರಲಿ, ಅವನ ಸಹನೆಯ ಶಕ್ತಿಯನ್ನು ಮೀರಿದ ಆಮಿಷವನ್ನು ಬೇಕೆಂದೇ ಒಡ್ಡಬಾರದು, ಅದರಲ್ಲೂ ಕಾನೂನಿನ ಕಾವಲುಗಾರರೇ ಒಡ್ಡಬಾರದು ಎಂಬುದು ಅವರ ಮಾತಿನ ತಾತ್ಪರ್ಯ. ಬೇಲಿಯೇ ಎದ್ದು ಹೊಲ ಮೇಯಬಾರದು ಎಂದು ಕನ್ನಡಿಗರು ಹೇಳುವುದನ್ನೇ ಅವರು ಕಾನೂನಿನ ಭಾಷೆಯಲ್ಲಿ ಹೇಳಿದ್ದರು.

‘ಲೋಕಾಯುಕ್ತ ಬಲೆಗೆ’ ಎಂಬ ಸುದ್ದಿ ಕರ್ನಾಟಕದ ಓದುಗರಿಗೆ ಹೊಸದಲ್ಲ. ಅಲ್ಲಿ ನೋಟುಗಳಿಗೆ ಫಿನಾಲ್ಫ್‌ಥಲೀನ್ ಪುಡಿ ಸವರಿರುತ್ತಾರೆ. ಲಂಚ ಮುಟ್ಟಿದವನ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಫಿನಾಲ್ಫ್‌ಥಲೀನ್ ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುತ್ತದೆ ಎಂಬ ಹೈಸ್ಕೂಲಿನ ಪಾಠವೇ ಇದು. ಆದರೆ ಆ ಬಣ್ಣ ಹೇಳುವುದು ಒಂದೇ ಮಾತು, ಈ ಕೈ ಆ ನೋಟನ್ನು ಮುಟ್ಟಿದೆ ಎಂದು. ಹಣವನ್ನು ಇವನು ಕೇಳಿದ್ದನೇ, ಅವನೇ ತುರುಕಿದನೇ ಎಂಬುದನ್ನು ಯಾವ ರಾಸಾಯನಿಕವೂ ಹೇಳಲಾರದು.

ಇದನ್ನು ನ್ಯಾಯಾಲಯಗಳು ಚೆನ್ನಾಗಿ ಅರಿತಿವೆ. 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಲಂಚದ ಬೇಡಿಕೆ ಮತ್ತು ಸ್ವೀಕಾರ ಸಾಬೀತಾಗಲೇಬೇಕು ಎಂದು ಹೇಳಿತು. ಕೊಡುವವನೇ ಮುಂದೆ ಬಂದನೇ, ಅಧಿಕಾರಿಯೇ ಮೊದಲು ಕೇಳಿದನೇ ಎಂಬ ಎರಡು ಸಂದರ್ಭಗಳನ್ನೂ ಬೇರ್ಪಡಿಸಿ ವಿವರಿಸಿತು. ಅಂದರೆ ಲಂಚದ ಬಲೆಯಲ್ಲಿ ‘ಮೊದಲು ಕೇಳಿದವರು ಯಾರು?’ ಎಂಬ ಪ್ರಶ್ನೆಗೆ ಜಾಗವಿದೆ.

ಮಾದಕ ವಸ್ತುವಿನ ಬಲೆಯಲ್ಲಿ ಆ ಪ್ರಶ್ನೆಗೆ ಬಹುಮಟ್ಟಿಗೆ ಜಾಗವೇ ಇಲ್ಲ. ಅಲ್ಲಿ ಕೇಳುವವರು ಯಾವಾಗಲೂ ಪೊಲೀಸರ ಕಡೆಯವರೇ. ಮಾರುವುದು ಅಪರಾಧವಿರಲಿ, ಬಳಿಯಲ್ಲಿ ಇಟ್ಟುಕೊಂಡಿದ್ದರೂ ಅಪರಾಧ. ವಸ್ತು ಸಿಕ್ಕಿತೆಂದರೆ ಅದಕ್ಕೆ ಸರಿಯಾದ ವಿವರಣೆ ಕೊಡುವ ಹೊಣೆ 54ನೇ ಕಲಮಿನಂತೆ ಆರೋಪಿಯದು. ದುರುದ್ದೇಶ ಇರಲಿಲ್ಲವೆಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆಯನ್ನೂ 35ನೇ ಕಲಮು ಅವನ ಮೇಲೆಯೇ ಹೊರಿಸುತ್ತದೆ. 2008ರ ನೂರ್ ಆಗಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮುಗಳನ್ನು ಎತ್ತಿಹಿಡಿಯಿತಾದರೂ, ಮೂಲ ಸಂಗತಿಗಳನ್ನು ಮೊದಲು ಸರ್ಕಾರವೇ ರುಜುವಾತು ಮಾಡಬೇಕು ಎಂಬ ಲಗಾಮು ಹಾಕಿತು.

ಇನ್ನು 68ನೇ ಕಲಮು. ಅಪರಾಧದ ಸುಳಿವು ಎಲ್ಲಿಂದ ಸಿಕ್ಕಿತು ಎಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸಲಾಗದು ಎನ್ನುತ್ತದೆ ಅದು. ಬಾತ್ಮೀದಾರನ ಪ್ರಾಣ ಉಳಿಸಲು ಇದು ಬೇಕು, ನಿಜ. ಆದರೆ ಅದೇ ಬಾತ್ಮೀದಾರ ಗೆಳೆಯನಾಗಿ ಬಂದು ಹತ್ತು ಸಲ ಗೋಗರೆದಿದ್ದರೆ? ಷೆರ್ಮನ್‌ನ ‘ಗೆಳೆಯ’ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಿದ್ದರಿಂದ ಅವನ ಕರಾಮತ್ತು ಹೊರಬಿತ್ತು. ‘ಖಚಿತ ಮಾಹಿತಿ’ ಎಂಬ ಎರಡು ಪದಗಳ ಮರೆಯಲ್ಲಿ ನಿಂತವನಿಗೆ ಪಾಟೀ ಸವಾಲು ಹಾಕುವುದು ಹೇಗೆ?

ಗ್ರಾಮಿನ ಲೆಕ್ಕ

ಪ್ರಚೋದನೆಯ ಪ್ರಶ್ನೆ ಬರೀ ‘ಮಾರಿದನೇ ಇಲ್ಲವೇ’ ಎಂಬಲ್ಲಿಗೆ ಮುಗಿಯುವುದಿಲ್ಲ. ‘ಎಷ್ಟು ಮಾರಿದ’ ಎಂಬುದು ಅದಕ್ಕಿಂತ ದೊಡ್ಡದು. 2001ರ ತಿದ್ದುಪಡಿಯಿಂದ ಶಿಕ್ಷೆಯು ತೂಕವನ್ನು ಅನುಸರಿಸುತ್ತದೆ. ಹೆರಾಯಿನ್ 5 ಗ್ರಾಂ, ಗಾಂಜಾ 1 ಕಿಲೊ, ಎಂಡಿಎಂಎ ಅರ್ಧ ಗ್ರಾಂ ವರೆಗೆ ‘ಸಣ್ಣ ಪ್ರಮಾಣ’. ಇದಕ್ಕೆ ಹೆಚ್ಚೆಂದರೆ 1 ವರ್ಷ ಸಜೆ. ಹೆರಾಯಿನ್ 250 ಗ್ರಾಂ, ಗಾಂಜಾ 20 ಕಿಲೊ, ಎಂಡಿಎಂಎ 10 ಗ್ರಾಂ ದಾಟಿದರೆ ‘ವಾಣಿಜ್ಯ ಪ್ರಮಾಣ’. ಇದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಸಜೆ, ಜೊತೆಗೆ 1 ಲಕ್ಷದಿಂದ 2 ಲಕ್ಷ ರೂಪಾಯಿ ದಂಡ. ಜಾಮೀನು ಬೇಕಾದರೆ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ಮೊದಲೇ ಮನವರಿಕೆಯಾಗಬೇಕು.

10 ಗ್ರಾಂ ಎಂದರೆ ಎಷ್ಟು? ಎರಡು, ಎರಡೂವರೆ ಟೀ ಚಮಚ ಸಕ್ಕರೆಯ ತೂಕ. ಹಾಸ್ಟೆಲಿನ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಚಟವಿದೆ, ತನಗೆ ಬೇಕಾದಷ್ಟು ತರುತ್ತಾನೆ, ಒಬ್ಬಿಬ್ಬರಿಗೆ ಕೊಡುತ್ತಾನೆ. ‘ಒಂದು ಗ್ರಾಂ ಕೊಡು’ ಎಂದು ಬಂದ ನಕಲಿ ಗಿರಾಕಿ, ‘ಪಾರ್ಟಿಯಿದೆ, ಒಟ್ಟಿಗೆ 12 ಗ್ರಾಂ ತಂದುಕೊಡು, ಹಣ ಜಾಸ್ತಿ ಕೊಡುತ್ತೇನೆ’ ಎನ್ನುತ್ತಾನೆ. ಹುಡುಗ ಸಾಲ ಹೇಳಿ ತರುತ್ತಾನೆ. ಅವನ ಶಿಕ್ಷೆಯನ್ನು ಇಲ್ಲಿ ಗೊತ್ತುಮಾಡಿದವರು ಯಾರು? ಶಾಸನ ಮಾಡಿದ ಸಂಸತ್ತೂ ಅಲ್ಲ, ವಿಚಾರಣೆ ನಡೆಸುವ ನ್ಯಾಯಾಧೀಶರೂ ಅಲ್ಲ. ‘12’ ಎಂಬ ಅಂಕಿಯನ್ನು ಬಾಯಲ್ಲಿ ಆಡಿದ ಗಿರಾಕಿ! ವಾಷಿಂಗ್ಟನ್ನಿನ ಉದ್ಯಾನಕ್ಕೆ 85 ಗ್ರಾಂ ತರಿಸಿದಾಗಲೂ ಅಲ್ಲಿನ ಕಾನೂನಿನಲ್ಲಿ 50 ಗ್ರಾಂ ಕ್ರ್ಯಾಕ್‌ಗೆ ಕನಿಷ್ಠ 10 ವರ್ಷವೆಂದಿತ್ತು.

ತೂಕದಲ್ಲಿ ಇನ್ನೊಂದು ತೊಡಕಿದೆ. ಬೀದಿಯಲ್ಲಿ ಸಿಗುವ ಹೆರಾಯಿನ್ ಶುದ್ಧವಾಗಿರುವುದು ಅಪರೂಪ, ಪುಡಿ ಬೆರೆಸಿರುತ್ತಾರೆ. 2008ರಲ್ಲಿ ಮೈಕೆಲ್ ರಾಜ್ ಪ್ರಕರಣದಲ್ಲಿ ಸಿಕ್ಕ 4 ಕಿಲೊಗೂ ಹೆಚ್ಚಿನ ಮಾಲಿನಲ್ಲಿ ನಿಜವಾದ ಹೆರಾಯಿನ್ ಸುಮಾರು 60 ಗ್ರಾಂ ಮಾತ್ರ. ನಿಜವಾದ ಅಂಶವನ್ನಷ್ಟೇ ಲೆಕ್ಕ ಹಿಡಿಯಬೇಕೆಂದು ಆಗ ಸುಪ್ರೀಂ ಕೋರ್ಟ್ ಹೇಳಿತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಅದು ತಿರುಗಿತು. ಈಗ ಬೆರಕೆಯ ಒಟ್ಟು ತೂಕವೇ ಲೆಕ್ಕ. ಹೀಗಾಗಿ ನಕಲಿ ಗಿರಾಕಿ ಕೇಳುವ ಪ್ರಮಾಣಕ್ಕೆ ಮೊದಲಿಗಿಂತ ಹೆಚ್ಚು ಭಾರ ಬಂದಿದೆ.

ಇರುವ ಕಾಪುಗಳು

ಕಾನೂನಿನಲ್ಲಿ ರಕ್ಷಣೆಯೇ ಇಲ್ಲವೆಂದಲ್ಲ, ಅದು ಚದುರಿಹೋಗಿದೆ. ಕಟ್ಟಡವನ್ನು ಶೋಧಿಸುವ ಮುನ್ನ ಸಿಕ್ಕ ಮಾಹಿತಿಯನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕೆಂದು 42ನೇ ಕಲಮು ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಹಿಡಿದರೆ ಈ ನಿಯಮ ಅನ್ವಯಿಸುವುದಿಲ್ಲ. ಬಲೆಗಳಲ್ಲಿ ಹೆಚ್ಚಿನವು ಬಸ್ ನಿಲ್ದಾಣ, ರಸ್ತೆಬದಿಗಳಲ್ಲೇ ಬೀಳುತ್ತವೆ! ಮೈಯನ್ನು ಶೋಧಿಸುವ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧಕ್ಕೊಳಗಾಗುವ ಹಕ್ಕಿದೆಯೆಂದು ಆರೋಪಿಗೆ ತಿಳಿಸಲೇಬೇಕೆಂದು 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ವಿಧಿಸಿತು. 2020ರ ತೂಫಾನ್ ಸಿಂಗ್ ತೀರ್ಪಿನ ನಂತರ, ಮಾದಕ ವಸ್ತು ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ಧ್ವನಿ ಸಮೇತ ಚಿತ್ರೀಕರಿಸಬೇಕೆನ್ನುತ್ತದೆ.

ಗಮನಿಸಿ, ಇವೆಲ್ಲ ಹಿಡಿದ ಗಳಿಗೆಗೆ, ಅದರ ನಂತರಕ್ಕೆ ಸಂಬಂಧಿಸಿದವು. ಕ್ಯಾಮೆರಾ ಚಾಲೂ ಆಗುವುದು ಮಾಲು ಕೈಯಲ್ಲಿದ್ದಾಗ. ಅದಕ್ಕೆ ಹಿಂದಿನ ಹತ್ತು ದಿನಗಳ ಫೋನ್ ಕರೆ, ಒತ್ತಾಯ, ಆಮಿಷ ಯಾವುದೂ ಮಹಜರಿನಲ್ಲಿ ಇರುವುದಿಲ್ಲ.

ಇದನ್ನು ತುಂಬಲು ದೊಡ್ಡ ಶಾಸನವೇನೂ ಬೇಕಿಲ್ಲ. ನಕಲಿ ಗಿರಾಕಿಯನ್ನು ಕಳಿಸುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದು, ಮೇಲಧಿಕಾರಿಯ ಸಹಿಯೊಡನೆ ಮುಚ್ಚಿದ ಲಕೋಟೆಯಲ್ಲಿ ಇಟ್ಟರೆ ಸಾಕು. ಈ ವ್ಯಕ್ತಿಯ ಮೇಲೆ ಮೊದಲೇ ಏಕೆ ಅನುಮಾನವಿತ್ತು? ಅವನನ್ನು ಯಾರು, ಎಷ್ಟು ಸಲ ಕೇಳಿದರು? ಪ್ರಮಾಣವನ್ನು ಯಾರು ಹೇಳಿದರು? ಹಣವಾಗಲಿ ಮಾಲಾಗಲಿ ಸರ್ಕಾರದ ಕಡೆಯಿಂದ ಹೋಯಿತೇ? ಬಾತ್ಮೀದಾರನ ಹೆಸರು ಆರೋಪಿಗೆ ತಿಳಿಯಬೇಕಾಗಿಲ್ಲ, ನ್ಯಾಯಾಧೀಶರು ಬೇಕೆನಿಸಿದಾಗ ಲಕೋಟೆ ಒಡೆದು ನೋಡಬಹುದು. ಪ್ರಾಮಾಣಿಕ ಅಧಿಕಾರಿಗೆ ಇದರಿಂದ ನಷ್ಟವಿಲ್ಲ, ಪಾಟೀ ಸವಾಲಿನಲ್ಲಿ ಅದು ಅವನಿಗೇ ಆಸರೆಯಾದೀತು.

ಮನೆಮಂದಿ ತಿಳಿದಿರಬೇಕಾದ ಮಾತೂ ಒಂದಿದೆ. ‘ಗೆಳೆಯ ಕೇಳಿದ, ತಂದುಕೊಟ್ಟೆ, ಲಾಭ ಮಾಡಿಲ್ಲ’ ಎಂಬ ಸಮಜಾಯಿಷಿ ಈ ದೇಶದ ನ್ಯಾಯಾಲಯದಲ್ಲಿ ಸದ್ಯಕ್ಕೆ ಆರೋಪಿಯನ್ನು ಉಳಿಸುವುದಿಲ್ಲ. ಉಳಿಸಬಲ್ಲ ದಾರಿ ಅದಕ್ಕಿಂತ ಮೊದಲೇ ಇದೆ. ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ, ಮೊಕದ್ದಮೆಯಿಂದ ವಿನಾಯಿತಿ ಕೊಡಲು 64ಎ ಕಲಮಿನಲ್ಲಿ ಅವಕಾಶವಿದೆ. ತಪ್ಪಿತಸ್ಥನೆಂದು ತೀರ್ಪಾದ ಮೇಲೂ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು 39ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ.

ಶಾಸನವೇ ಹೀಗೆ ಆಸ್ಪತ್ರೆಯ ಬಾಗಿಲು ತೆರೆದಿಟ್ಟಿರುವಾಗ, ಅದರ ಒಳಗೆ ಪಕ್ಕದ ಬೆಂಚಿನಲ್ಲಿ ಕುಳಿತವನು ನಿಜವಾದ ರೋಗಿಯೇ ಆಗಿರಬೇಕು. ಷೆರ್ಮನ್‌ಗೆ ಸಿಕ್ಕಂಥ ಗೆಳೆಯ ಅಲ್ಲಿ ಸಿಗುವ ಭಯವಿದ್ದರೆ, ಚಟ ಬಿಡಬೇಕೆಂದವನು ಆ ಬಾಗಿಲ ಬಳಿ ಸುಳಿಯುವುದೇ ಇಲ್ಲ. ಅಂಥವನು ಮತ್ತೆ ಹೋಗುವುದು ಮಾರುವವನ ಹತ್ತಿರಕ್ಕೇ.